ಬಲೂನು ಒಳಗೇ ಉಳಿಯುತ್ತದೆಯೇ ಡಾಕ್ಟರೇ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಒಂದು ಹಳ್ಳಿ. ಮಗನಿಗೆ ಎರಡೂವರೆ ವರ್ಷ. ಏಳು ತಿಂಗಳಿಗೇ ಹುಟ್ಟಿದವ, ತೂಕ ಒಂದೂಕಾಲು ಕಿಲೋ ಇತ್ತು. ಹತ್ತೊಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ದ. ಮನೆಗೆ ಬಂದ ಮೇಲೆ ಚೆನ್ನಾಗಿಯೇ ಬೆಳೆದ. ಆದರೆ ನೆಗಡಿಯಾದಾಗಲೆಲ್ಲ ಉಸಿರಲ್ಲಿ ಗೊರ್ ಎಂಬ ಸದ್ದು, ರಾತ್ರಿ ಎದೆ ಒಳಕ್ಕೆ ಸೆಳೆಯುತ್ತದೆ. ದಮ್ಮು ಎಂದುಕೊಂಡು ಒಂದೂವರೆ ವರ್ಷ ನೆಬ್ಯುಲೈಸರ್ ಕೊಟ್ಟೆವು. ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಗಂಟಲಿಗೆ ದುರ್ಬೀನು ಇಳಿಸಿ ನೋಡುವ ಸ್ಕೋಪಿ ಮಾಡಿ, ಧ್ವನಿಪೆಟ್ಟಿಗೆಯ ಕೆಳಗೆ ಉಸಿರಿನ ದಾರಿ ಕಿರಿದಾಗಿದೆ, ಗ್ರೇಡ್ 2, ಸುಮಾರು 60 ಪರ್ಸೆಂಟ್, ಬಲೂನು ಹಾಕಿ ಹಿಗ್ಗಿಸೋಣ ಎಂದಿದ್ದಾರೆ. ನಮ್ಮ ಮಾವನವರಿಗೆ ಹೃದಯಕ್ಕೆ ಬಲೂನು ಹಾಕಿ ಸ್ಟೆಂಟ್ ಇಟ್ಟಿದ್ದಾರೆ. ಇವನಿಗೂ ಹಾಗೆ ಒಳಗೆ ಏನಾದರೂ ಉಳಿಯುತ್ತದೆಯೇ? ಒಂದೇ ಸಲಕ್ಕೆ ಗುಣವಾಗುತ್ತದೆಯೇ? ಧ್ವನಿ ಹೋಗುತ್ತದೆಯೇ? ಕುತ್ತಿಗೆಗೆ ತೂತು ಮಾಡಿಬಿಡುತ್ತಾರೆ ಎಂದು ಅತ್ತೆಯವರು ಹೆದರಿದ್ದಾರೆ. ಹುಟ್ಟಿದಾಗ ಕೊಳವೆ ಹಾಕಿದ್ದರಿಂದಲೇ ಹೀಗಾಯಿತೆಂದು ಮನೆಯಲ್ಲಿ ದಿನಾ ಮಾತು. ಮುಂದೆ ಇವನು ಊರ ಮಕ್ಕಳ ಹಾಗೆ ಓಡಿಯಾಡಿ, ಸಮುದ್ರಕ್ಕಿಳಿದು ಆಡಬಹುದೇ?

ಉತ್ತರ: ಇಲ್ಲ, ಒಳಗೆ ಏನೂ ಉಳಿಯುವುದಿಲ್ಲ. ಬಲೂನು ನಿಮ್ಮ ಮಗನ ಗಂಟಲೊಳಗೆ ಇರುವುದು ಒಂದೆರಡು ನಿಮಿಷ. ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಹೊರಗೆ ತೆಗೆಯುತ್ತಾರೆ. ಮಾವನವರ ಉದಾಹರಣೆ ಕೊಟ್ಟಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ಬಲೂನು ಅದೇ ಮನೆತನದ್ದು. 1977ರಲ್ಲಿ ಜೂರಿಚ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಹೃದಯದ ರಕ್ತನಾಳದಲ್ಲಿ ಮೊದಲ ಸಲ ಬಲೂನು ಹಿಗ್ಗಿಸಿದರು. 1980ರ ದಶಕದಲ್ಲಿ ಅದೇ ಉಪಾಯವನ್ನು ಮಕ್ಕಳ ಶ್ವಾಸನಾಳಕ್ಕೂ ತಂದರು. ಆದರೆ ಅರವತ್ತೈದು ವರ್ಷದವರ ರಕ್ತನಾಳ ಇನ್ನು ಬೆಳೆಯುವುದಿಲ್ಲ, ಎರಡೂವರೆ ವರ್ಷದವನ ಶ್ವಾಸನಾಳ ದಿನಾ ಬೆಳೆಯುತ್ತಿರುತ್ತದೆ. ಇಂದು ಸರಿಹೊಂದುವ ಸ್ಟೆಂಟ್ ಎರಡು ವರ್ಷದಲ್ಲಿ ತಾನೇ ಇಕ್ಕಟ್ಟಾಗುತ್ತದೆ. ಮೇಲಾಗಿ ಅದರ ಅಂಚಿಗೆ ತಾಗಿ ಒಳಪದರದಲ್ಲಿ ಕೆಂಪು ಮಾಂಸ ಬೆಳೆದು ದಾರಿ ಇನ್ನಷ್ಟು ಮುಚ್ಚುತ್ತದೆ, ಕಫ ಕಟ್ಟಿಕೊಳ್ಳುತ್ತದೆ, ತೆಗೆಯುವುದು ಇಡುವುದಕ್ಕಿಂತ ಕಷ್ಟ. ಹಾಗಾಗಿ ಮಕ್ಕಳ ಗಂಟಲಲ್ಲಿ ಸ್ಟೆಂಟ್ ಎಂದರೆ ಬೇರೆ ದಾರಿ ಇಲ್ಲದಾಗಿನ ಮಾತು. ನಿಮ್ಮ ಮಗನ ವಿಷಯದಲ್ಲಿ ಅದು ಏಳುವುದೇ ಇಲ್ಲ.

ಈಗ, ಕಿರಿದಾಗಿರುವುದು ಎಲ್ಲಿ, ಯಾಕೆ ಅಲ್ಲಿಯೇ ಎಂದು ಹೇಳುತ್ತೇನೆ. ನಿಮ್ಮ ಕೊರಳನ್ನು ಮುಟ್ಟಿ ನೋಡಿಕೊಳ್ಳಿ. ಮುಂದೆ ಉಬ್ಬಿಕೊಂಡಿರುವುದು ಧ್ವನಿಪೆಟ್ಟಿಗೆ. ಅದರ ಕೆಳಗೆ ಬೆರಳು ಜಾರಿಸಿದರೆ ಒಂದು ಸಣ್ಣ ತಗ್ಗು, ಅದರ ಕೆಳಗೆ ಗಟ್ಟಿಯಾದ ಒಂದು ಬಳೆ ಸಿಗುತ್ತದೆ. ಅದು ಕ್ರಿಕಾಯ್ಡ್ ಎಂಬ ಮೃದ್ವಸ್ಥಿ. ಆಕಾರ ಥೇಟ್ ಮುದ್ರೆಯುಂಗುರದ್ದು, ಹಿಂದೆ ಅಗಲ, ಮುಂದೆ ಸಪೂರ. ಇಡೀ ಉಸಿರಿನ ದಾರಿಯಲ್ಲಿ ಸುತ್ತಲೂ ಪೂರ್ತಿ ಕೂಡಿದ ಬಳೆ ಇದೊಂದೇ. ಇದರ ಕೆಳಗಿನ ಶ್ವಾಸನಾಳದ ಬಳೆಗಳೆಲ್ಲ ಹಿಂಭಾಗದಲ್ಲಿ ಬಾಯಿ ತೆರೆದಿರುತ್ತವೆ, ಅಲ್ಲಿ ಮೆತ್ತಗಿನ ಪೊರೆ ಇರುತ್ತದೆ. ಊತ ಬಂದರೆ ಹೊರಗೆ ಜರುಗಲು ಅಷ್ಟಾದರೂ ಜಾಗ. ಕ್ರಿಕಾಯ್ಡ್‌ನಲ್ಲಿ ಆ ಅವಕಾಶವೂ ಇಲ್ಲ, ಬಂದ ಊತವೆಲ್ಲ ಒಳಕ್ಕೇ ಬರಬೇಕು.

ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಈ ಜಾಗದ ಒಳ ಅಗಲ ಸುಮಾರು 5 ಮಿಲಿಮೀಟರ್. ಏಳು ತಿಂಗಳಿಗೆ ಹುಟ್ಟಿದವರಿಗೆ ಮೂರೂವರೆಯ ಆಸುಪಾಸು. ಅದರೊಳಗೆ ವೆಂಟಿಲೇಟರ್‌ನ ಕೊಳವೆ ಹತ್ತೊಂಬತ್ತು ದಿನ ಕೂತಿತ್ತು. ಮಗು ತಲೆ ಹೊರಳಿಸಿದಾಗ, ಕೆಮ್ಮಿದಾಗ, ಯಂತ್ರ ಉಸಿರು ತಳ್ಳಿದಾಗ ಕೊಳವೆ ಉಜ್ಜುತ್ತಿರುತ್ತದೆ. ಒತ್ತಿದ ಕಡೆ ಒಳಪದರಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ, ಹುಣ್ಣಾಗುತ್ತದೆ, ಹುಣ್ಣು ಮಾಯುವಾಗ ಕಲೆ ಕಟ್ಟುತ್ತದೆ. ಬಿಸಿ ಎಣ್ಣೆ ಸಿಡಿದ ಕೈ ನೋಡಿದ್ದೀರಲ್ಲ, ಮಾಯುವಾಗ ಚರ್ಮ ಜಗ್ಗಿ ಸುರುಟಿಕೊಳ್ಳುತ್ತದೆ. ಅದೇ ಬಳೆಯ ಒಳಗೆ ಸುತ್ತಲೂ ಆದರೆ ದಾರಿ ಕಿರಿದಾಗುತ್ತದೆ. ಸಬ್‌ಗ್ಲಾಟಿಕ್ ಸ್ಟೆನೋಸಿಸ್ ಎಂದು ನಿಮ್ಮ ಚೀಟಿಯಲ್ಲಿ ಬರೆದಿರುವುದು ಇದನ್ನೇ.

ಇದನ್ನು ಓದಿ ಅತ್ತೆಯವರು “ನೋಡಿ, ನಾ ಹೇಳಿದ್ದೇ ಸರಿ” ಎಂದಾರು. ಅರ್ಧ ಸರಿ. ಕಲೆಗೆ ಕಾರಣ ಕೊಳವೆಯೇ. ಆದರೆ ಒಂದೂಕಾಲು ಕಿಲೋ ತೂಕದ ಕೂಸಿನ ಪುಪ್ಪುಸ ತಾನಾಗಿ ಅರಳುವಷ್ಟು ಬಲಿತಿರುವುದಿಲ್ಲ. ಆ ಹತ್ತೊಂಬತ್ತು ದಿನ ಕೊಳವೆ ಇರದಿದ್ದರೆ ನೀವು ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಶಿಶುಗಳಿಗೆ ಹೀಗೆ ಮೂಗಿನ ಮೂಲಕ ಕೊಳವೆ ಇಳಿಸಿ ದಿನಗಟ್ಟಲೆ ಉಸಿರಾಡಿಸಬಹುದೆಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೆಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್ ಎಂಬ ವೈದ್ಯರು 1965ರಲ್ಲಿ ಬರೆದರು. ಅಲ್ಲಿಂದ ಮುಂದೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಬದುಕುವುದು ಹೆಚ್ಚಾಯಿತು, ಬದುಕಿದವರಲ್ಲಿ ಕೆಲವರಿಗೆ ಈ ಕಲೆಯೂ ಬಂತು. ಈಚೆಗೆ ಸಾಧ್ಯವಾದಷ್ಟು ಕೊಳವೆ ತಪ್ಪಿಸಿ ಮೂಗಿನಿಂದಲೇ ಒತ್ತಡದ ಗಾಳಿ ಕೊಡುತ್ತಾರೆ, ಕೊಳವೆ ಹಾಕಲೇಬೇಕಾದರೆ ಸುತ್ತ ಸ್ವಲ್ಪ ಗಾಳಿ ಸೋರುವಷ್ಟು ಸಣ್ಣದನ್ನು ಆರಿಸುತ್ತಾರೆ. ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಕೆಲವು ಮಕ್ಕಳಿಗೆ ಆಗುತ್ತದೆ. ಮನೆಯಲ್ಲಿ ಆ ಮಾತು ಇನ್ನು ನಿಲ್ಲಿಸಿ.

ಒಂದೂವರೆ ವರ್ಷ ದಮ್ಮೆಂದು ಔಷಧಿ ಕೊಟ್ಟೆವಲ್ಲ ಎಂದು ನೀವೂ ಕೊರಗಬೇಡಿ. ಇದು ಬಹಳ ಸಲ ಆಗುವ ಎಡವಟ್ಟು, ನನ್ನಿಂದಲೂ ಆಗಿದೆ. ವೈದ್ಯನಾದ ಹೊಸದರಲ್ಲಿ ಒಂದು ಮಗುವಿಗೆ ಮೂರು ತಿಂಗಳು ಇನ್‌ಹೇಲರ್ ಬರೆದೆ. ಕೊನೆಗೆ ಸ್ಕೋಪಿ ಮಾಡಿದಾಗ ಬಲ ಪುಪ್ಪುಸದ ನಾಳದಲ್ಲಿ ಅರ್ಧ ಶೇಂಗಾ ಕಾಳು ಊದಿಕೊಂಡು ಕೂತಿತ್ತು. ಅಂದಿನಿಂದ ನಾನು ಸ್ಟೆತೊಸ್ಕೋಪು ಇಡುವ ಮೊದಲು ಅರ್ಧ ನಿಮಿಷ ಸುಮ್ಮನೆ ಕೂತು ಮಗುವಿನ ಉಸಿರು ಕೇಳುತ್ತೇನೆ.

ನೀವೂ ಕೇಳಿಸಿಕೊಳ್ಳುವುದು ಕಲಿಯಿರಿ. ದಮ್ಮಿನ ಸದ್ದು ಉಸಿರು ಬಿಡುವಾಗ ಬರುತ್ತದೆ, ಸಣ್ಣಗೆ, ಸೀಟಿಯ ಹಾಗೆ, ಎದೆಗೆ ಕಿವಿಯಿಟ್ಟರೆ ಹೆಚ್ಚು. ಧ್ವನಿಪೆಟ್ಟಿಗೆಗಿಂತ ಮೇಲೆ ಅಡಚಣೆಯಿದ್ದರೆ ಸದ್ದು ಉಸಿರು ಎಳೆದುಕೊಳ್ಳುವಾಗ. ನಿಮ್ಮ ಮಗನ ಹಾಗೆ ಬಳೆಯಲ್ಲೇ ಕಿರಿದಾಗಿದ್ದರೆ ಎಳೆಯುವಾಗಲೂ ಬಿಡುವಾಗಲೂ ಬರುತ್ತದೆ, ಒರಟಾಗಿ, ಮರಕ್ಕೆ ಗರಗಸ ಹಾಕಿದ ಹಾಗೆ. ದೂರ ನಿಂತರೂ ಕೇಳುತ್ತದೆ. ನೆಬ್ಯುಲೈಸರ್‌ನಲ್ಲಿ ಹಾಕುವ ಸಾಲ್ಬುಟಮಾಲ್ ಪುಪ್ಪುಸದ ಒಳಗಿನ ಸಣ್ಣ ನಾಳಗಳ ಸ್ನಾಯು ಸಡಿಲಿಸುವ ಮದ್ದು. ಮಾಯ್ದ ಕಲೆಯಲ್ಲಿ ಸಡಿಲಿಸಲು ಸ್ನಾಯುವೇ ಇಲ್ಲ, ಹಾಗಾಗಿ ಗುಣ ಕಾಣಲಿಲ್ಲ. ಓದುವ ಬೇರೆ ತಾಯಂದಿರಿಗೂ ಹೇಳುತ್ತೇನೆ: ಸದ್ದು ಬರುವುದು ರಾತ್ರಿ ಎರಡು ಗಂಟೆಗೆ, ಡಾಕ್ಟರ ಎದುರು ಮಗು ನಗುತ್ತಿರುತ್ತದೆ. ಅಂಗಿ ಮೇಲೆತ್ತಿ, ದೀಪ ಹಾಕಿ, ಕುತ್ತಿಗೆಯಿಂದ ಹೊಟ್ಟೆಯವರೆಗೆ ಕಾಣುವಂತೆ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ. ಟಿವಿ, ಫ್ಯಾನು ಬಂದ್ ಮಾಡಿ. ಹತ್ತು ಎಕ್ಸರೇ ಹೇಳದ್ದನ್ನು ಆ ಅರ್ಧ ನಿಮಿಷ ಹೇಳುತ್ತದೆ.

ಸದ್ದು ಬರುವ ಮಕ್ಕಳಿಗೆಲ್ಲ ಈ ಕಾಯಿಲೆ ಎಂದೂ ತಿಳಿಯಬೇಡಿ. ಎಳೆಕೂಸುಗಳಲ್ಲಿ ಅತಿ ಸಾಮಾನ್ಯ ಕಾರಣ ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿರುವುದು, ಲ್ಯಾರಿಂಗೋಮಲೇಶಿಯಾ ಎನ್ನುತ್ತಾರೆ. ಅಂಗಾತ ಮಲಗಿಸಿದಾಗ, ಹಾಲು ಕುಡಿಯುವಾಗ ಹೆಚ್ಚು, ಹೆಚ್ಚಿನವರಿಗೆ ಒಂದೂವರೆ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಆದರೆ ಕೊಳವೆ ಹಾಕಿಸಿಕೊಂಡಿದ್ದ ಮಗು, ಅಥವಾ ಮತ್ತೆ ಮತ್ತೆ ನಾಯಿ ಬೊಗಳಿದಂಥ ಕೆಮ್ಮಿನ ಕ್ರೂಪ್ ಬರುವ ಮಗು, ಅದರಲ್ಲೂ ಆರು ತಿಂಗಳಿಗಿಂತ ಚಿಕ್ಕದಾಗಿರುವಾಗಲೇ ಬಂದದ್ದು, ಇಂಥವರಿಗೆ ಒಮ್ಮೆ ಸ್ಕೋಪಿ ಮಾಡಿಸಿ ಎಂದು ಕೇಳುವುದು ತಪ್ಪಲ್ಲ.

ನೆಗಡಿಯಾದಾಗ ಮಾತ್ರ ಯಾಕೆ ಹೀಗೆ, ಉಳಿದ ದಿನ ಯಾಕೆ ಆರಾಮ? ಇದಕ್ಕೆ ಒಲೆ ಊದುವ ಊದುಗೊಳವೆಯಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ನಮ್ಮ ಶಿರಸಿ ಮನೆಯಲ್ಲಿ ಬಚ್ಚಲ ಒಲೆಯ ಹತ್ತಿರ ಕಬ್ಬಿಣದ ಒಂದು ಊದುಗೊಳವೆ ಇತ್ತು. ಮಳೆಗಾಲದಲ್ಲಿ ಕುಂಬಾರಹುಳ ಅದರೊಳಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತಿತ್ತು. ಸ್ವಲ್ಪವೇ ಮೆತ್ತಿದ್ದರೂ ಊದಿದರೆ ಕೆನ್ನೆ ನೋಯುತ್ತಿತ್ತು, ಬೂದಿ ಅಲುಗುತ್ತಿರಲಿಲ್ಲ. ಕೊಳವೆಯ ಅಗಲ ಅರ್ಧವಾದರೆ ಊದುವ ಶ್ರಮ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಫ್ರಾನ್ಸಿನ ಪ್ವಾಸ್ಯ ಎಂಬ ವೈದ್ಯ ಹತ್ತೊಂಬತ್ತನೇ ಶತಮಾನದಲ್ಲೇ ಲೆಕ್ಕ ಹಾಕಿಟ್ಟ ನಿಯಮ ಇದು. ದೊಡ್ಡವರ 16 ಮಿಲಿಮೀಟರ್ ಅಗಲದ ಶ್ವಾಸನಾಳದಲ್ಲಿ ನೆಗಡಿಯಿಂದ ಸುತ್ತಲೂ ಒಂದು ಮಿಲಿಮೀಟರ್ ಊತ ಬಂದರೆ ಗಂಟಲು ಕೆರೆದೀತು, ಅಷ್ಟೇ. 4 ಮಿಲಿಮೀಟರ್ ದಾರಿಯಲ್ಲಿ ಅಷ್ಟೇ ಊತ ಬಂದರೆ ಉಳಿಯುವುದು 2. ಅಲ್ಲಿಗೆ ಹದಿನಾರು ಪಟ್ಟು.

ನಿಮ್ಮ ಮಗನ ದಾರಿ ಈಗ ಹೆಚ್ಚುಕಡಿಮೆ ಆ 4ರ ಹತ್ತಿರವೇ ಇದೆ. ಹೇಗೆ ಗೊತ್ತು ಎಂದರೆ ಅವರು ಕೊಟ್ಟ ಗ್ರೇಡ್‌ನಿಂದ. 1994ರಲ್ಲಿ ಅಮೆರಿಕದ ಸಿನ್ಸಿನಾಟಿಯ ವೈದ್ಯರು ಮಾಡಿದ ಅಳತೆ ಇದು, ಮಾಯರ್-ಕಾಟನ್ ಗ್ರೇಡ್ ಎನ್ನುತ್ತಾರೆ. ಅಳೆಯುವ ಕ್ರಮ ಬಹಳ ಸರಳ. ಮಗುವನ್ನು ಮಲಗಿಸಿ, ಬೇರೆ ಬೇರೆ ಅಂಕಿಯ (ಅಂಕಿ ಎಂದರೆ ಮಿಲಿಮೀಟರಿನಲ್ಲಿ ಒಳ ಅಗಲ) ಉಸಿರಿನ ಟ್ಯೂಬ್ ಒಂದೊಂದಾಗಿ ಇಳಿಸಿ, ಸುತ್ತ ಗಾಳಿ ಸೋರುವ ಅತಿ ದೊಡ್ಡ ಟ್ಯೂಬ್ ಯಾವುದೆಂದು ನೋಡುತ್ತಾರೆ. ಈ ವಯಸ್ಸಿಗೆ ನಾಲ್ಕೂವರೆ ಅಥವಾ ಐದು ಅಂಕಿಯದು ಹೋಗಬೇಕು. ಮೂರು ಅಂಕಿಯದಷ್ಟೇ ಹೋದರೆ, ಅದರ ಹೊರ ಅಗಲ 4 ಮಿಲಿಮೀಟರ್‌ಗಿಂತ ತುಸು ಹೆಚ್ಚು, ವಿಸ್ತೀರ್ಣದ ಲೆಕ್ಕದಲ್ಲಿ ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ ಎಂದು ಅರ್ಥ. 50 ಪರ್ಸೆಂಟ್‌ವರೆಗೆ ಗ್ರೇಡ್ 1, 51ರಿಂದ 70 ಗ್ರೇಡ್ 2, 71ರಿಂದ 99 ಗ್ರೇಡ್ 3, ಪೂರ್ತಿ ಮುಚ್ಚಿದ್ದರೆ 4. ಬಲೂನಿನ ಮಾತು ಹೆಚ್ಚಾಗಿ ನಡೆಯುವುದು 1, 2ರಲ್ಲಿ. 3ರಲ್ಲಿ ಕೆಲವರಿಗೆ. 4ರಲ್ಲಿ ಬಲೂನು ದಾಟಲು ದಾರಿಯೇ ಇರುವುದಿಲ್ಲ.

ಆಪರೇಷನ್ ಕೋಣೆಯಲ್ಲಿ ಏನಾಗುತ್ತದೆ ಎಂದು ತಿಳಿದಿದ್ದರೆ ಹೊರಗೆ ಕೂತವರಿಗೆ ಹೊಟ್ಟೆಯೊಳಗಿನ ಕಳವಳ ಸ್ವಲ್ಪ ಕಡಿಮೆ. ಅರಿವಳಿಕೆ ಕೊಡುತ್ತಾರೆ, ಆದರೆ ಮಗು ತನ್ನ ಉಸಿರು ತಾನೇ ಆಡುತ್ತಿರುವಷ್ಟು ಹದವಾಗಿ. ಈ ಹದ ಹಿಡಿಯುವುದೇ ಮಕ್ಕಳ ಅರಿವಳಿಕೆ ತಜ್ಞರ ವಿದ್ಯೆ, ನನ್ನ ಕೆಲಸಕ್ಕಿಂತ ಅದು ಹೆಚ್ಚಿನದು ಎಂದು ನಾನು ಯಾವತ್ತೂ ಹೇಳುತ್ತೇನೆ. ಧ್ವನಿತಂತುಗಳ ಮೇಲೆ ಮರಗಟ್ಟಿಸುವ ಔಷಧಿ ಸಿಂಪಡಿಸುತ್ತಾರೆ. ಬಾಯಿಂದಲೇ ಲೋಹದ ಒಂದು ಉಪಕರಣವಿಟ್ಟು ನಾಲಿಗೆ ಎತ್ತಿ, ಪೆನ್ಸಿಲಿಗಿಂತ ಸಪೂರವಾದ ದುರ್ಬೀನು ಇಳಿಸುತ್ತಾರೆ. ಟಿವಿ ಪರದೆಯ ಮೇಲೆ ಎರಡು ಬಿಳಿ ಧ್ವನಿತಂತು, ಅವುಗಳ ಕೆಳಗೆ ಗುಲಾಬಿ ಬಣ್ಣದ ನಾಳ ಕಾಣಬೇಕಾದ ಕಡೆ ಮಸುಕು ಬಿಳಿಯ ಉಂಗುರ. ಅದೇ ಕಲೆ. ಹೊರಗೆ ಎಲ್ಲೂ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ.

ಎರಡು ವರ್ಷ ಹಳೆಯ ಕಲೆಯಾದ್ದರಿಂದ ನಿಮ್ಮ ಮಗನಿಗೆ ಬಲೂನಿಗಿಂತ ಮೊದಲು ಆ ಉಂಗುರದಲ್ಲಿ ಮೂರು ನಾಲ್ಕು ಕಡೆ ಸಣ್ಣ ಗೀರು ಹಾಕಬಹುದು, ಸಣ್ಣ ಬ್ಲೇಡಿನಿಂದ ಅಥವಾ ಲೇಸರಿನಿಂದ. ನಡುವೆ ನಡುವೆ ಒಳಪದರ ಉಳಿಸಿಯೇ ಗೀರುತ್ತಾರೆ. ಸುತ್ತಲೂ ಕೊಯ್ದರೆ ಸುತ್ತಲೂ ಹುಣ್ಣು, ಮತ್ತೆ ಸುತ್ತಲೂ ಕಲೆ. ಗೀರಿದ ಮೇಲೆ ಬಲೂನು. ನಿಮ್ಮ ಮಗನ ವಯಸ್ಸಿಗೆ ಸಾಧಾರಣವಾಗಿ 7 ಮಿಲಿಮೀಟರ್‌ನ ಸುತ್ತಮುತ್ತ. ಜಾತ್ರೆಯ ಬಲೂನಿನ ಹಾಗೆ ಊದಿದಷ್ಟೂ ಊದುವುದಲ್ಲ. 7 ಎಂದರೆ 7, ಒತ್ತಡ ಹೆಚ್ಚಿಸಿದರೆ ಗಟ್ಟಿಯಾಗುತ್ತದೆ, ದಪ್ಪವಾಗುವುದಿಲ್ಲ. ಒಳಗೆ ತುಂಬುವುದು ಗಾಳಿಯಲ್ಲ, ಸಲೈನ್ ನೀರು. ಒತ್ತಡದ ಮೀಟರ್ ಇರುವ ಪಂಪಿನಿಂದ 8, 10 ವಾತಾವರಣದ ಒತ್ತಡದವರೆಗೂ ಏರಿಸುತ್ತಾರೆ, ಕಾರಿನ ಟಯರಿನ ನಾಲ್ಕು ಪಟ್ಟು.

ಬಲೂನು ಹಿಗ್ಗಿದ ಕ್ಷಣ ಮಗುವಿನ ಉಸಿರಿನ ದಾರಿ ಪೂರ್ತಿ ಬಂದ್. ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಆಮ್ಲಜನಕ ಅಳೆಯುವ ಯಂತ್ರದ ಟಿಕ್ ಟಿಕ್ ಮಾತ್ರ. ಅದರ ವಿಶೇಷವೆಂದರೆ ಆಮ್ಲಜನಕ ಇಳಿದ ಹಾಗೆ ಸದ್ದಿನ ಶ್ರುತಿಯೂ ಇಳಿಯುತ್ತದೆ. ಭಾಗವತರ ಮೇಳದಲ್ಲಿ ಕೂತು ಬೆಳೆದ ಕಿವಿ ನನ್ನದು, ಮೀಟರ್ ನೋಡದೆಯೇ ಇಳಿದದ್ದು ತಿಳಿಯುತ್ತದೆ. ಮೊದಲೇ ಚೆನ್ನಾಗಿ ಆಮ್ಲಜನಕ ತುಂಬಿಸಿರುವುದರಿಂದ ಒಂದು ನಿಮಿಷ, ಕೆಲವೊಮ್ಮೆ ಎರಡು ನಿಮಿಷ ಸಿಗುತ್ತದೆ. ಶ್ರುತಿ ಇಳಿಯತೊಡಗಿತೋ, ಬಲೂನು ಕುಗ್ಗಿಸು. ನಾಳ ತೆರೆದುಕೊಳ್ಳುತ್ತದೆ, ಮಗು ಉಸಿರೆಳೆಯುತ್ತದೆ, ಶ್ರುತಿ ಮೇಲೇರುತ್ತದೆ. ಬೇಕಾದರೆ ಇನ್ನೊಮ್ಮೆ. ಕೊನೆಗೆ ಕಲೆಯ ಒಳಗೆ ಸ್ಟೀರಾಯ್ಡ್ ಚುಚ್ಚುವುದುಂಟು. ಮತ್ತೆ ಟ್ಯೂಬ್ ಇಳಿಸಿ ಅಳೆಯುತ್ತಾರೆ, ಮೂರು ಹೋಗುತ್ತಿದ್ದ ಕಡೆ ನಾಲ್ಕೂವರೆ ಹೋದರೆ ಆ ದಿನಕ್ಕೆ ಗೆದ್ದ ಹಾಗೆ.

ಹಿಂದೆ ಬಲೂನಿಲ್ಲದ ಕಾಲದಲ್ಲಿ ಗಟ್ಟಿ ಸರಳುಗಳನ್ನು ಒಂದಕ್ಕಿಂತ ಒಂದು ದಪ್ಪದ್ದನ್ನು ತೂರಿಸಿ ಹಿಗ್ಗಿಸುತ್ತಿದ್ದರು. ಸರಳು ಮುಂದೆ ಹೋಗುವಾಗ ಒಳಪದರವನ್ನು ತರಚಿಕೊಂಡು ಹೋಗುತ್ತದೆ. ಬಲೂನು ಇದ್ದಲ್ಲೇ ಇದ್ದು ಸುತ್ತಲೂ ಸಮವಾಗಿ ಒತ್ತುತ್ತದೆ. ಹೊಸ ಗಾಯ ಕಡಿಮೆ ಎಂಬುದೇ ಅದರ ಹೆಚ್ಚುಗಾರಿಕೆ.

ಒಂದೇ ಸಲಕ್ಕೆ ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಇಡೀ ಉತ್ತರದಲ್ಲಿ ನೀವು ನೆನಪಿಡಬೇಕಾದ ಜಾಗ ಇದು. ಹೆಚ್ಚಿನ ಮಕ್ಕಳಿಗೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮುಗಿಯದಿದ್ದರೆ ಅದು ಸೋಲೂ ಅಲ್ಲ. ಬಲೂನು ಕಲೆಯನ್ನು ತೆಗೆಯುವುದಿಲ್ಲ, ಹರಿದು ಹಿಗ್ಗಿಸುತ್ತದೆ. ಹರಿದದ್ದು ಮಾಯಬೇಕು, ಮಾಯುವಾಗ ಮೈ ಮತ್ತೆ ಕಲೆ ಕಟ್ಟುತ್ತದೆ. ಆ ಹೊಸ ಕಲೆ ಎಳೆಯದಾಗಿರುವಾಗಲೇ, ಎರಡು ಮೂರು ವಾರಕ್ಕೆ, ಇನ್ನೊಮ್ಮೆ ನೋಡಿ, ಕುಗ್ಗುತ್ತಿದ್ದರೆ ಇನ್ನೊಮ್ಮೆ ಹಿಗ್ಗಿಸಿದರೆ ಪ್ರತಿಸಲ ಕುಗ್ಗುವುದು ಕಡಿಮೆಯಾಗುತ್ತಾ ಬಂದು ನಿಲ್ಲುತ್ತದೆ. ಆ ಎರಡನೇ ಸ್ಕೋಪಿಗೆ ಜನ ಬರುವುದಿಲ್ಲ. ಮನೆಗೆ ಹೋದ ಮಗು ಗಡದ್ದಾಗಿ ನಿದ್ದೆ ಮಾಡುತ್ತದೆ, ಸದ್ದಿಲ್ಲ, ಉಣ್ಣುತ್ತದೆ. “ಆರಾಮಿದ್ದಾನಲ್ಲ, ಮತ್ತೆ ಯಾಕೆ ಘಟ್ಟ ಹತ್ತುವುದು?” ಎಂದುಕೊಳ್ಳುತ್ತಾರೆ. ಮೂರು ತಿಂಗಳ ಬಳಿಕ ರಾತ್ರೋರಾತ್ರಿ ಓಡಿಬರುತ್ತಾರೆ, ಅಷ್ಟರಲ್ಲಿ ಕಲೆ ಗಟ್ಟಿಯಾಗಿರುತ್ತದೆ. ದಯವಿಟ್ಟು ಮೊದಲ ದಿನವೇ ಎರಡನೆಯದರ ತಾರೀಕು ಬರೆಸಿಕೊಂಡು ಬನ್ನಿ.

ಎರಡು ಮೂರು ಸಲದಲ್ಲಿ ನಿಲ್ಲದಿದ್ದರೆ? ಆಗ ಹಟ ಮಾಡಿ ಏಳನೆಯ, ಎಂಟನೆಯ ಬಲೂನು ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ, ಅದರಿಂದ ಒಳಗಾಯ ಹೆಚ್ಚುತ್ತದೆ. ಬಲೂನು ಸಲ್ಲದ ಕಿರಿದುಗಳೂ ಇವೆ. ಹುಟ್ಟಿನಿಂದಲೇ ಮೃದ್ವಸ್ಥಿಯ ಬಳೆಯೇ ಸಣ್ಣದಾಗಿದ್ದರೆ, ಅಥವಾ ಕೆಳಗಿನ ಶ್ವಾಸನಾಳದ ಬಳೆಗಳೆಲ್ಲ ಪೂರ್ತಿ ಕೂಡಿಕೊಂಡು ಬಹಳ ಉದ್ದಕ್ಕೆ ಕಿರಿದಾಗಿದ್ದರೆ, ಹಿಗ್ಗಿಸಲು ಅಲ್ಲಿ ಮೆತ್ತಗಿನದ್ದೇನೂ ಇಲ್ಲ. ಅಂಥವರಿಗೆ ತೆರೆದ ಶಸ್ತ್ರಚಿಕಿತ್ಸೆ. ಪಕ್ಕೆಲುಬಿನ ತುದಿಯಿಂದ ಮೃದ್ವಸ್ಥಿಯ ಚೂರು ತೆಗೆದು, ಕ್ರಿಕಾಯ್ಡ್ ಬಳೆಯನ್ನು ಸೀಳಿ, ಆ ಸೀಳಿನಲ್ಲಿ ದೋಣಿಯಾಕಾರದ ಚೂರನ್ನು ಕೂರಿಸಿ ಬಳೆಯನ್ನೇ ದೊಡ್ಡದು ಮಾಡುತ್ತಾರೆ. ಕಲೆಯಾದ ಭಾಗವನ್ನೇ ಕತ್ತರಿಸಿ ತೆಗೆದು ಎರಡು ತುದಿ ಜೋಡಿಸುವುದೂ ಇದೆ. ದೊಡ್ಡ ಕೆಲಸ ನಿಜ, ಆದರೆ ದಶಕಗಳಿಂದ ಪಳಗಿದ ಕೆಲಸ. ಬಲೂನು ನಿಮ್ಮ ಮಗನಿಗೆ ಮೊದಲ ಆಯ್ಕೆ, ಏಕೆಂದರೆ ಗ್ರೇಡ್ 2, ಕಲೆ ಗಿಡ್ಡ, ಬಳೆ ಸರಿಯಾಗಿದೆ ಎಂದು ತೋರುತ್ತದೆ. ಕಲೆಯ ಉದ್ದ ಎಷ್ಟು, ಮೃದ್ವಸ್ಥಿ ಚೆನ್ನಾಗಿದೆಯೇ ಎಂಬ ಎರಡು ಮಾತನ್ನು ನಿಮ್ಮ ಡಾಕ್ಟರಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಗ್ರೇಡ್‌ಗಿಂತ ಅವೇ ಹೆಚ್ಚು ಹೇಳುತ್ತವೆ. ಹೊಟ್ಟೆಯ ಹುಳಿ ಮೇಲೆ ಬರುವ ತೊಂದರೆ ಇದ್ದರೆ ಅದಕ್ಕೆ ಮೊದಲು ಔಷಧಿ ಮಾಡಿಸಿ. ಹುಳಿ ತಾಗಿದ ಗಾಯ ಸರಿಯಾಗಿ ಮಾಯುವುದಿಲ್ಲ.

ಧ್ವನಿಯ ಚಿಂತೆ ಬೇಡ. ಕಲೆ ಇರುವುದು ಧ್ವನಿತಂತುವಿನ ಕೆಳಗೆ. ಒಂದು ವಾರ ಧ್ವನಿ ಒಡೆದ ಹಾಗೆ ಇರಬಹುದು. ಕಲೆ ತಂತುವಿಗೂ ಹಬ್ಬಿದ್ದರೆ ಮಾತ್ರ ಬೇರೆ ಮಾತು, ಹಾಗಿದ್ದರೆ ಚೀಟಿಯಲ್ಲಿ ಬರೆದಿರುತ್ತಾರೆ.

ಕುತ್ತಿಗೆಯ ತೂತು, ಅಂದರೆ ಟ್ರೇಕಿಯೋಸ್ಟಮಿ. ಗಂಟಲಿಗೆ ಬಲೂನು ಹಾಕುವುದರ ಒಂದು ಉದ್ದೇಶವೇ ಅದನ್ನು ತಪ್ಪಿಸುವುದು. ಆದರೂ ಒಪ್ಪಿಗೆ ಪತ್ರದಲ್ಲಿ ಅದನ್ನು ಬರೆದು ಸಹಿ ಹಾಕಿಸುತ್ತಾರೆ, ಆ ಸಾಲು ಓದಿಯೇ ಅತ್ತೆಯವರು ಹೆದರಿದ್ದಿರಬೇಕು. ಊತ ಬಂದು ದಾರಿ ಪೂರ್ತಿ ಕಟ್ಟಿದರೆ ಜೀವ ಉಳಿಸಲು ಇರುವ ಬಾಗಿಲು ಅದು. ಬೇಕಾಗುವುದು ಕಡಿಮೆ, ಆದರೆ ಅದಕ್ಕೂ ತಯಾರಿಲ್ಲದ ಕಡೆ ಬಲೂನು ಹಾಕಿಸಬೇಡಿ. ಮಕ್ಕಳ ಅರಿವಳಿಕೆ ತಜ್ಞರು, ಮಕ್ಕಳ ಐಸಿಯು, ಹಗಲು ರಾತ್ರಿ ಇರುವ ಇಎನ್‌ಟಿ ವೈದ್ಯರು ಒಂದೇ ಸೂರಿನಡಿ ಇರಬೇಕು. ಊತ ಹೆಚ್ಚಾಗುವುದು ಮೊದಲ ದಿನವೇ, ಆ ರಾತ್ರಿ ಐಸಿಯುದಲ್ಲೇ ಕಳೆಯಬೇಕು.

ನಮ್ಮ ಜಿಲ್ಲೆಯವರು ಇಂಥದ್ದಕ್ಕೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ದಿಕ್ಕು ದಿಕ್ಕಿಗೆ ಹೋಗುತ್ತೇವೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟು ಕಾಲದಿಂದ ಕೂಗುತ್ತಿದ್ದೇವೋ! ಅದು ಬರುವ ತನಕ ದಾರಿಯ ಲೆಕ್ಕವೂ ಚಿಕಿತ್ಸೆಯ ಭಾಗವೇ. ಬೆಳಿಗ್ಗೆ ನಾಲ್ಕಕ್ಕೆ ಕುಮಟಾ ಬಿಟ್ಟು, ಉಪವಾಸದ ಮಗುವನ್ನು ದೇವಿಮನೆ ಘಟ್ಟದ ತಿರುವುಗಳಲ್ಲಿ ಕುಲುಕಿಸಿಕೊಂಡು ಒಂಬತ್ತಕ್ಕೆ ಆಪರೇಷನ್‌ಗೆ ಒಯ್ಯಬೇಡಿ. ಅತ್ತು, ವಾಂತಿ ಮಾಡಿ ಸುಸ್ತಾದ ಮಗುವಿಗೆ ಅರಿವಳಿಕೆ ಕೊಡುವುದು ಯಾರಿಗೂ ಇಷ್ಟವಿಲ್ಲ. ಹಿಂದಿನ ದಿನವೇ ಹೋಗಿ ಉಳಿಯಿರಿ. ಮನೆಗೆ ಬಿಟ್ಟ ಮೇಲೂ ಒಂದೆರಡು ದಿನ ಆಸ್ಪತ್ರೆಯ ಹತ್ತಿರವೇ ಇದ್ದು ಬನ್ನಿ. ಆಷಾಢದ ಮಳೆಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗುವುದು ನಮಗೆ ಹೊಸತಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಲ್ಲಿ ಆದದ್ದು ಎಲ್ಲರ ಕಣ್ಣೆದುರಿಗಿದೆ. ಸಾಧ್ಯವಿದ್ದರೆ ಎರಡೂ ಸಲದ ಕೆಲಸ ಮಳೆ ಹಿಡಿಯುವ ಮೊದಲು ಅಥವಾ ದಸರೆಯ ನಂತರ ಬರುವಂತೆ ತಾರೀಕು ಕೇಳಿ. ನೆಗಡಿ, ಜ್ವರವಿದ್ದರೆ ಮುಚ್ಚಿಡದೆ ಫೋನ್ ಮಾಡಿ, ಎರಡು ಮೂರು ವಾರ ಮುಂದೆ ಹಾಕುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಈ ಚಿಕಿತ್ಸೆಗೆ ಹೇಗೆ ಅನ್ವಯಿಸುತ್ತದೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ, ಬಿಲ್ಲು ಬಂದ ಮೇಲಲ್ಲ.

ಅಲ್ಲಿಯವರೆಗೆ ಮನೆಯಲ್ಲಿ. ಮೂಗಿಗೆ ಎಣ್ಣೆ ಬಿಡುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಅದು ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಮಾಡುತ್ತದೆ. ಕುದಿನೀರಿನ ಹಬೆಯೂ ಬೇಡ, ಅದರಿಂದ ಉಸಿರು ಸರಿಹೋದ ಮಕ್ಕಳಿಗಿಂತ ಮೈ ಸುಟ್ಟುಕೊಂಡವರನ್ನು ಹೆಚ್ಚು ನೋಡಿದ್ದೇನೆ. ಅಜ್ಜಿಯ ಕೊತ್ತಂಬರಿ ಜೀರಿಗೆ ಕಷಾಯ ಕುಡಿಯಲಿ, ಅಡ್ಡಿಯಿಲ್ಲ, ಅದರಿಂದ ಕಲೆ ಕರಗುವುದಿಲ್ಲ ಅಷ್ಟೇ. ಮನೆಯಲ್ಲಿ ಬೀಡಿ ಸಿಗರೇಟು ಬೇಡ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊಂಡಿದ್ದರೆ ಅದರ ಅಂಕಿ ನಂಬಿ ಕೂರಬೇಡಿ. ದಾರಿ ಕಿರಿದಾದ ಮಗು ಜೋರಾಗಿ ಎಳೆದೆಳೆದು ಉಸಿರಾಡಿ 97, 98 ಉಳಿಸಿಕೊಂಡಿರುತ್ತದೆ. ಅಂಕಿ ಇಳಿಯುವ ಹೊತ್ತಿಗೆ ಶಕ್ತಿ ಮುಗಿದಿರುತ್ತದೆ. ನೋಡಬೇಕಾದದ್ದು ಎದೆ ಮತ್ತು ಕೊರಳ ಗುಂಡಿ. ಸುಮ್ಮನೆ ಕೂತಾಗಲೂ ಸದ್ದು, ಪ್ರತಿ ಉಸಿರಿಗೂ ಕೊರಳ ಗುಂಡಿ ಒಳಕ್ಕೆ ಹೋಗುವುದು, ಜೊಲ್ಲು ನುಂಗಲಾಗದಿರುವುದು, ತುಟಿ ನೀಲಿಯಾಗುವುದು, ಅಥವಾ ಅಷ್ಟು ಹೊತ್ತು ಹಟ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ ತೂಗಡಿಸುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಡೆಕ್ಸಾಮೆಥಸೋನ್ ಮತ್ತು ಅಡ್ರಿನಲಿನ್ ನೆಬ್ಯುಲೈಸೇಶನ್ ಕೊಟ್ಟು ಊತ ಇಳಿಸಬಹುದು, ಆಮೇಲೆ ಮುಂದಿನ ದಾರಿ. ಸ್ಕೋಪಿಯ ರಿಪೋರ್ಟಿನ ಫೋಟೋ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ. ರಾತ್ರಿಪಾಳಿಯ ಡಾಕ್ಟರಿಗೆ “ಗ್ರೇಡ್ 2, ಮೂರು ಅಂಕಿಯ ಟ್ಯೂಬ್” ಎಂಬ ಒಂದು ಸಾಲು ಸಿಕ್ಕರೆ ಯಾವ ಟ್ಯೂಬ್ ಕೈಗೆತ್ತಿಕೊಳ್ಳಬೇಕೆಂದು ತಿಳಿಯುತ್ತದೆ.

ಇನ್ನು ಸಮುದ್ರ. ಕುತ್ತಿಗೆಯಲ್ಲಿ ಟ್ರೇಕಿಯೋಸ್ಟಮಿ ಇರುವ ಮಗು ನೀರಿಗೆ ಇಳಿಯುವಂತಿಲ್ಲ, ಒಂದು ಸಣ್ಣ ಅಲೆ ತೂತಿನೊಳಗೆ ನುಗ್ಗಿದರೂ ಅಪಾಯ. ಕರಾವಳಿಯ ಮನೆಗಳಲ್ಲಿ ಬಾವಿಕಟ್ಟೆಯ ಹತ್ತಿರವೂ ಅಂಥ ಮಕ್ಕಳನ್ನು ಕಾಯಬೇಕಾಗುತ್ತದೆ. ಬಲೂನಿನಲ್ಲಿ ಆ ತೂತೇ ಇಲ್ಲವಲ್ಲ. ಎರಡನೆಯ ಸ್ಕೋಪಿಯಲ್ಲಿ ದಾರಿ ತೆರೆದೇ ಇದೆ ಎಂದು ಕಂಡ ಮೇಲೆ ಓಡಲಿ, ಗೋಕರ್ಣದ ದಂಡೆಯಲ್ಲಿ ನೀರಾಡಲಿ. ಓಡುವಾಗ ಬೇರೆ ಮಕ್ಕಳಿಗಿಂತ ಬೇಗ ನಿಂತು ಏದುಸಿರು ಬಿಡುತ್ತಾನೆಯೇ ಎಂದು ಮಾತ್ರ ದಂಡೆಯ ಮೇಲೆ ಕೂತು ನೋಡುತ್ತಿರಿ. ಹಾಗೇನಾದರೂ ಕಂಡರೆ ಅದರದ್ದೂ ಒಂದು ವಿಡಿಯೋ ಮಾಡಿಕೊಂಡು ತೋರಿಸಲು ಬನ್ನಿ.